ಅರ್ಜಿ ಕೊಟ್ಟು ನಂಬಬೇಕೆ?



ಹಳೆಯ ಶಾಲೆಯ ನೆನಪುಗಳನ್ನು ಮುಂದುವರಿಸಬೇಕೆಂದು ಕುಳಿತವನು ಈ ಸಲ ಒಂದು ವಾದಕ್ಕೆ ಇಳಿದಿದ್ದೇನೆ. ಕಾರಣ ಇಷ್ಟೆ. ನನ್ನ ಬಳಿ ಏಳನೆಯ ತರಗತಿ ಓದಿ ಈಗ ಪುಣೆಯಲ್ಲಿ ಉದ್ಯೋಗದಲ್ಲಿರುವ ಶಿಷ್ಯನೊಬ್ಬ ಹೋದ ತಿಂಗಳು ದೂರವಾಣಿಯಲ್ಲಿ ಕುಶಲ ವಿಚಾರಿಸುತ್ತ, "ಗುರೂಜಿ, ನೀವು ಚರ್ಚಿಗೆ ಹೋಗುವುದಕ್ಕೆ ಯಾರೂ ಅಡ್ಡ ಬಂದಿಲ್ಲ. ನಿಮ್ಮ ಪ್ರಾರ್ಥನೆ ನೀವು ಮಾಡಿಕೊಳ್ಳುತ್ತೀರಿ. ಮತಾಂತರಕ್ಕೆ ಕಾಯಿದೆ ಇದ್ದರೆ ನಿಮಗೇನು ನಷ್ಟ?" ಎಂದು ಕೇಳಿದ. ಅವನ ದನಿಯಲ್ಲಿ ಕುಹಕವಿರಲಿಲ್ಲ. ಕಮಲನಗರದ ಬಸ್ ನಿಲ್ದಾಣದಿಂದ ಹಿಡಿದು ಉದಗೀರಿನ ಮಾರುಕಟ್ಟೆಯವರೆಗೆ ಒಳ್ಳೆಯ ಜನರೇ ಈ ಪ್ರಶ್ನೆಯನ್ನು ಕೇಳುತ್ತಾರೆ. ಅವನಿಗೆ ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸಿದೆ. ಅದು ಸಾಲದೆಂದು ತೋರಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಆ ಕಾಯಿದೆಯಲ್ಲಿ ಏನಿದೆ ಎಂಬುದನ್ನು ನೋಡೋಣ. ಅದರ ಪರವಾಗಿ ಮಾತನಾಡುವ ಹತ್ತು ಜನರಲ್ಲಿ ಒಂಬತ್ತು ಜನ ಅದನ್ನು ಓದಿಲ್ಲ. ವಿರೋಧಿಸುವವರಲ್ಲಿಯೂ ಓದಿದವರು ಕಡಿಮೆ. ಅದರ ಹೆಸರು ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಅಧಿನಿಯಮ, 2022. ಹೆಸರನ್ನು ಓದಿದವರು ಯಾರದೋ ಹಕ್ಕನ್ನು ಕಾಪಾಡುವುದಕ್ಕಾಗಿ ಮಾಡಿದ್ದೆಂದೇ ತಿಳಿಯಬೇಕು. 2021ರ ಡಿಸೆಂಬರ್ 23ರಂದು ವಿಧಾನಸಭೆಯಲ್ಲಿ ಅಂಗೀಕಾರವಾಯಿತು. ಪರಿಷತ್ತಿನಲ್ಲಿ ಬಹುಮತವಿಲ್ಲದ್ದರಿಂದ 2022ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಾಗಿ ಜಾರಿಗೆ ಬಂದಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಎರಡೂ ಸದನಗಳ ಒಪ್ಪಿಗೆ ಪಡೆದು ಶಾಸನವಾಯಿತು.

ಈ ಶಾಸನದ ಪ್ರಕಾರ ಒಬ್ಬ ಮನುಷ್ಯ ತನ್ನ ಮತವನ್ನು ಬದಲಾಯಿಸಬೇಕೆಂದು ಬಯಸಿದರೆ 30 ದಿನ ಮುಂಚಿತವಾಗಿ ಜಿಲ್ಲಾ ದಂಡಾಧಿಕಾರಿಗೆ ನಮೂನೆ ತುಂಬಿ ಕೊಡಬೇಕು. ಅವನಿಗೆ ದೀಕ್ಷೆ ಕೊಡುವವನೂ ಹಾಗೆಯೇ ತಿಳಿಸಬೇಕು. ಆ ಸಂಗತಿಯನ್ನು ಕಚೇರಿಯ ಸೂಚನಾ ಫಲಕದಲ್ಲಿ ಅಂಟಿಸಿ, ಆಕ್ಷೇಪಣೆಗಳಿದ್ದರೆ ಸಲ್ಲಿಸಿರಿ ಎಂದು ಊರಿಗೆಲ್ಲ ಸಾರಬೇಕು. ಆಕ್ಷೇಪ ಬಂದರೆ ಅಧಿಕಾರಿಗಳು ವಿಚಾರಣೆ ನಡೆಸಬೇಕು. ಎಲ್ಲ ಮುಗಿದ ಮೇಲೆ ಮತ್ತೆ 30 ದಿನಗಳೊಳಗೆ ಇನ್ನೊಂದು ಘೋಷಣೆ. ಬಲವಂತ, ವಂಚನೆ, ಆಮಿಷಗಳಿಂದ ಮತಾಂತರಿಸಿದವನಿಗೆ 3ರಿಂದ 5 ವರ್ಷ ಸೆರೆ ಮತ್ತು 25,000 ರೂಪಾಯಿ ದಂಡ. ಮತಾಂತರಗೊಂಡವರು ಅಪ್ರಾಪ್ತರೋ, ಬುದ್ಧಿ ಸ್ವಾಧೀನದಲ್ಲಿಲ್ಲದವರೋ, ಹೆಂಗಸರೋ, ಪರಿಶಿಷ್ಟ ಜಾತಿ ಪಂಗಡದವರೋ ಆಗಿದ್ದರೆ 10 ವರ್ಷದವರೆಗೆ ಸೆರೆ, 50,000 ರೂಪಾಯಿ ದಂಡ. ಇಬ್ಬರು ಅಥವಾ ಅದಕ್ಕಿಂತ ಹೆಚ್ಚು ಜನ ಒಟ್ಟಿಗೆ ಆದರೆ ಅದು ಸಾಮೂಹಿಕ ಮತಾಂತರ. ಒಂದು ಲಕ್ಷ ದಂಡ. ಅಪರಾಧ ಜಾಮೀನಿಗೆ ಒಳಪಡದ್ದು. ನಾನು ಬಲವಂತ ಮಾಡಿಲ್ಲವೆಂದು ಸಾಬೀತುಪಡಿಸುವ ಹೊಣೆಯೂ ಆರೋಪಿಯದೇ. ಕಳ್ಳತನದ ಆರೋಪಿಗೂ ಇರುವ ರಕ್ಷಣೆ ಉಪದೇಶಿಗೆ ಇಲ್ಲ.

ಇನ್ನೊಂದು ಸೊಗಸಿದೆ. ತನ್ನ ಹಿಂದಿನ ಮತಕ್ಕೆ ಮರಳುವವನಿಗೆ ಇದಾವುದೂ ಅನ್ವಯಿಸುವುದಿಲ್ಲ. ಮನೆಯಿಂದ ಹೊರಗೆ ಹೋಗುವಾಗ ಕಾವಲುಗಾರ ತಡೆಯುತ್ತಾನೆ, ಒಳಗೆ ಬರುವಾಗ ಸಲಾಮು ಹೊಡೆಯುತ್ತಾನೆ. ಇಂಥ ಬಾಗಿಲಿಗೆ ನಮ್ಮ ಕಡೆ ಏನೆನ್ನುತ್ತಾರೆಂಬುದು ನಿಮಗೇ ಗೊತ್ತು.

ಈಗ ಶಿಷ್ಯನ ಪ್ರಶ್ನೆಗೆ ಬರುತ್ತೇನೆ. ನಂಬಿಕೆಗೆ ಸರ್ಕಾರದ ಅನುಮತಿ ಬೇಕೆನ್ನುವ ಆಳ್ವಿಕೆ ಹೇಗಿರುತ್ತದೆ ಎಂಬುದನ್ನು ಬೀದರ ಜಿಲ್ಲೆಯವರಿಗೆ ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ನಮ್ಮ ಅಜ್ಜಂದಿರು ಅದರ ಕೆಳಗೇ ಬಾಳಿದರು. ನಿಜಾಮನ ರಾಜ್ಯದಲ್ಲಿ ಆರ್ಯಸಮಾಜದವರು ಹವನಕುಂಡ ಕಟ್ಟಬೇಕಾದರೆ ಅನುಮತಿ, ಹೊರಗಿನಿಂದ ಉಪದೇಶಕರನ್ನು ಕರೆಸಬೇಕಾದರೆ ಅನುಮತಿ, ಮೆರವಣಿಗೆಗೆ ಅನುಮತಿ. ಸರ್ಕಾರ ಹೇಳಿದ ಕಾರಣ ಇಂದು ಕೇಳಿಬರುವ ಕಾರಣವೇ: ಸಾರ್ವಜನಿಕ ಶಾಂತಿ. ಆಗ ಉದಗೀರು ನಮ್ಮ ಬೀದರ ಜಿಲ್ಲೆಯಲ್ಲಿತ್ತು. ಆ ಊರಿನ ಆರ್ಯಸಮಾಜದ ಮುಂದಾಳು ಶ್ಯಾಮಲಾಲರು 1938ರಲ್ಲಿ ಬೀದರಿನ ಸೆರೆಮನೆಯಲ್ಲಿ ಪ್ರಾಣಬಿಟ್ಟರು. ಮರುವರ್ಷ, 1939ರ ಜನವರಿಯಿಂದ ಆಗಸ್ಟಿನವರೆಗೆ, ದೇಶದ ನಾನಾ ಭಾಗಗಳಿಂದ ಸಾವಿರಾರು ಜನ ಹೈದರಾಬಾದ್ ಸಂಸ್ಥಾನಕ್ಕೆ ಬಂದು ಸತ್ಯಾಗ್ರಹ ಮಾಡಿ ಸೆರೆಮನೆ ಸೇರಿದರು. ಅವರ ಬೇಡಿಕೆ ಏನಿತ್ತು? ನಮ್ಮ ಧರ್ಮವನ್ನು ಆಚರಿಸುವುದಕ್ಕೂ ಪ್ರಚಾರ ಮಾಡುವುದಕ್ಕೂ ಅಧಿಕಾರಿಯ ಅಪ್ಪಣೆ ಕೇಳಬಾರದು ಎಂಬುದೇ. ಪ್ರಚಾರ ಎಂಬ ಶಬ್ದವನ್ನು ಗಮನಿಸಿರಿ. ಆರ್ಯಸಮಾಜದವರು ಶುದ್ಧಿಯನ್ನು, ಎಂದರೆ ಬೇರೆ ಮತದವರನ್ನು ತಮ್ಮ ಮತಕ್ಕೆ ತೆಗೆದುಕೊಳ್ಳುವುದನ್ನು, ಬಹಿರಂಗವಾಗಿಯೇ ಮಾಡುತ್ತಿದ್ದರು. ನಾನು ಅವರ ಮತದವನಲ್ಲ. ಕ್ರೈಸ್ತರ ಬಗ್ಗೆ ಅವರು ಬರೆದದ್ದನ್ನು ಓದಿದರೆ ನನಗೆ ಸಂತೋಷವೇನೂ ಆಗುವುದಿಲ್ಲ. ಆದರೆ ಅಂದು ಅವರು ಕೇಳಿದ್ದು ನ್ಯಾಯವಾದ ಹಕ್ಕು. ಅದನ್ನು ನಿರಾಕರಿಸಿದ ನಿಜಾಮನ ಸರ್ಕಾರ ಅನ್ಯಾಯ ಮಾಡಿತು. ಅಂದಿನ ಆ ಸತ್ಯಾಗ್ರಹಿಗಳನ್ನು ಹುತಾತ್ಮರೆಂದು ಕೊಂಡಾಡುವವರೇ ಇಂದು, ಉಪದೇಶಕ್ಕೆ ಜಿಲ್ಲಾಧಿಕಾರಿಯ ಮೊಹರು ಬೇಕೆಂದು ಹೇಳುವುದನ್ನು ನಾನು ಹೇಗೆ ಅರ್ಥಮಾಡಿಕೊಳ್ಳಲಿ?

ಕಮಲನಗರದಲ್ಲಿ ಹುಟ್ಟಿ ಭಾಲ್ಕಿ ಹಿರೇಮಠದ ಪೀಠವನ್ನೇರಿದ ಡಾ. ಚನ್ನಬಸವ ಪಟ್ಟದ್ದೇವರ ಕಥೆಯನ್ನು ನಿಮಗೆ ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಹೊರಗೆ ಉರ್ದು ಫಲಕ, ಒಳಗೆ ಕನ್ನಡ ಪಾಠ. ಅವರು ಆ ಫಲಕವನ್ನು ತೂಗುಹಾಕಿದ್ದು ವಿನೋದಕ್ಕಲ್ಲ. ಒಳಗಿರುವುದನ್ನು ಹೊರಗೆ ಹೇಳಿಕೊಳ್ಳಲಾಗದ ಕಾಲ ಅದಾಗಿತ್ತು. ನಮ್ಮ ಹಳ್ಳಿಗಳಲ್ಲಿ ಇಂದು ಹಲವು ಮನೆಗಳ ಒಳಗೊಂದು ನಂಬಿಕೆ, ಹೊರಗೊಂದು ಫಲಕ ಇರುವುದನ್ನು ನಾನು ಬಲ್ಲೆ. ಇದರ ವಿಷಯವನ್ನು ಮುಂದೆ ಹೇಳುತ್ತೇನೆ.

ನಮ್ಮ ಜಿಲ್ಲೆಯ ಮಣ್ಣನ್ನು ಸ್ವಲ್ಪ ಕೆದಕಿದರೂ ಸಾಕು, ಹುಟ್ಟಿದ ಮತವನ್ನು ಬಿಟ್ಟು ಆರಿಸಿಕೊಂಡ ಮತದಲ್ಲಿ ಬಾಳಿದವರ ಹೆಜ್ಜೆ ಕಾಣುತ್ತದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯ, ಮಧುವರಸರು ಇಷ್ಟಲಿಂಗ ಕಟ್ಟಿಕೊಂಡು ಹಳೆಯ ಜಾತಿಗಳನ್ನು ಕಳಚಿ ಬೀಗರಾದದ್ದಕ್ಕೆ ಪ್ರಾಣ ತೆತ್ತರೆಂದು ನಮ್ಮ ಪರಂಪರೆ ಹೇಳುತ್ತದೆ. ಆ ಕಾಲದಲ್ಲಿಯೂ ಅರಮನೆ ಹೇಳಿದ್ದು ರಾಜ್ಯದ ಶಾಂತಿ ಕೆಡುತ್ತದೆ ಎಂದೇ ಇರಬೇಕು. 1699ರಲ್ಲಿ ಆನಂದಪುರದಲ್ಲಿ ಗುರು ಗೋವಿಂದಸಿಂಹರ ಮುಂದೆ ತಲೆಯೊಡ್ಡಿ ನಿಂತ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗರು ಬೀದರಿನ ಕ್ಷೌರಿಕ ಕುಟುಂಬದವರೆಂದು ಸಿಖ್ಖರು ಹೇಳುತ್ತಾರೆ. ಅಷ್ಟೂರಿನ ಗುಮ್ಮಟದಲ್ಲಿ ಮಲಗಿರುವ ಬಹಮನಿ ಸುಲ್ತಾನ ಅಹಮದ್ ಶಾಹನ ಉರುಸಿಗೆ ಇಂದಿಗೂ ಲಿಂಗಾಯತರು ಬರುತ್ತಾರೆ. ಇದನ್ನೆಲ್ಲ ಸೌಹಾರ್ದದ ಭಾಷಣದಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿಕೊಳ್ಳುವವರು ಬಹಳ. ಆದರೆ ಈ ಜಿಲ್ಲೆಯಲ್ಲಿಯೇ 1948ರಲ್ಲಿ ಗೋರ್ಟಾದಲ್ಲಿ ರಜಾಕಾರರು ಹತ್ಯಾಕಾಂಡ ನಡೆಸಿದರು. ಅದೇ ವರ್ಷ ಪೊಲೀಸ್ ಕಾರ್ಯಾಚರಣೆಯ ಬೆನ್ನಿಗೆ ಮುಸಲ್ಮಾನರ ಮೇಲೆ ನಡೆದ ಹಿಂಸೆಯನ್ನು ವಿಚಾರಿಸಿದ ಪಂಡಿತ ಸುಂದರಲಾಲರ ಸಮಿತಿ, ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರನ್ನೂ ಹೆಸರಿಸಿತು. ನೆರೆಮನೆಯವನ ನಂಬಿಕೆಯನ್ನು ಅಪರಾಧದ ಪಟ್ಟಿಗೆ ಸೇರಿಸಿದರೆ ಅದು ಎಲ್ಲಿ ಹೋಗಿ ನಿಲ್ಲುತ್ತದೆಂಬುದನ್ನು ನಾವು ಎರಡೂ ಕಡೆಯಿಂದ ಕಂಡಿದ್ದೇವೆ.

ಈಗ ಆಮಿಷದ ಮಾತು. "ನಿಮ್ಮವರು ಗೋಧಿ, ಹಾಲಿನ ಪುಡಿ ಕೊಟ್ಟು ಜನರನ್ನು ಕೊಂಡರು" ಎಂಬುದನ್ನು ನಾನು ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇನೆ. ನನ್ನ ತಾತನ ಬಗ್ಗೆ ಊರಿನಲ್ಲಿ ಹೇಳುತ್ತಿದ್ದುದು "ಜೋಳದ ಚೀಲಕ್ಕೆ ದೇವರನ್ನು ಮಾರಿಕೊಂಡ" ಎಂದು. ಮೆಥಡಿಸ್ಟ್ ಮಿಷನ್ನಿನವರು ಬೀದರಿಗೆ ಬಂದು ಶಾಲೆ, ಆಸ್ಪತ್ರೆ ತೆರೆದು ಹಳ್ಳಿ ಹಳ್ಳಿ ತಿರುಗಿದ ಕಾಲದವನು ಅವನು. ನನ್ನ ತಾತನಿಗೆ ಜೋಳ ಸಿಕ್ಕಿತೋ ಇಲ್ಲವೋ ನಾನು ಕಾಣೆ. ಸಿಕ್ಕಿದ್ದರೆ ಹಸಿದವನಿಗೆ ಅನ್ನ ಸಿಕ್ಕಿತೆಂದು ಸಂತೋಷಪಡುತ್ತೇನೆ. ಆದರೆ ಅವನು ಅಪ್ಪನಿಗೆ ಹೇಳುತ್ತಿದ್ದುದು ಬೇರೆಯದೇ ಸಂಗತಿ. ಮಾದಿಗರ ಕೇರಿಗೆ ಬಂದ ಉಪದೇಶಿ ತನ್ನ ಜೊತೆ ಒಂದೇ ಚಾಪೆಯ ಮೇಲೆ ಕುಳಿತದ್ದು, ತಮ್ಮ ಮನೆಯ ಗಡಿಗೆಯ ನೀರನ್ನು ಕುಡಿದದ್ದು, ಪುಸ್ತಕವನ್ನು ಕೈಗೆ ಕೊಟ್ಟು "ಓದು" ಎಂದದ್ದು. ಅದಕ್ಕೆ ಮುಂಚೆ ಯಾರೂ ಅವನ ಕೈಗೆ ಪುಸ್ತಕ ಕೊಟ್ಟಿರಲಿಲ್ಲ. ಇದು ಆಮಿಷವೆನ್ನುವುದಾದರೆ ನಾನು ಒಪ್ಪಿಕೊಳ್ಳುತ್ತೇನೆ, ನನ್ನ ತಾತ ಆಮಿಷಕ್ಕೆ ಒಳಗಾದನು. ಒಂದು ಚಾಪೆ, ಒಂದು ಲೋಟ ನೀರು ಅವನ ಪಾಲಿಗೆ ಆಮಿಷವಾಗುವಷ್ಟು ದುರ್ಲಭವಾದದ್ದು ಯಾರಿಂದ? ಆ ಪ್ರಶ್ನೆಯನ್ನು ಕೇಳುವ ಕಲಮು ಯಾವ ಕಾಯಿದೆಯಲ್ಲಿಯೂ ಇಲ್ಲ.

ನನಗೆ ಈ ಶಾಸನದಲ್ಲಿ ಎಲ್ಲಕ್ಕಿಂತ ನೋವುಂಟುಮಾಡುವುದು ಶಿಕ್ಷೆಯ ಪ್ರಮಾಣವಲ್ಲ, ಆ ಪಟ್ಟಿ. ಅಪ್ರಾಪ್ತರು, ಬುದ್ಧಿ ಸ್ವಾಧೀನದಲ್ಲಿಲ್ಲದವರು, ಹೆಂಗಸರು, ಪರಿಶಿಷ್ಟರು. ನಾಲ್ಕೂ ಒಂದೇ ಸಾಲಿನಲ್ಲಿ. ನನ್ನ ವಿದ್ಯಾರ್ಥಿನಿಯರಲ್ಲಿ ವೈದ್ಯರಿದ್ದಾರೆ, ಒಬ್ಬಾಕೆ ತಹಶೀಲ್ದಾರಳಾಗಿದ್ದಾಳೆ. ಪರಿಶಿಷ್ಟ ಜಾತಿಯ ಹುಡುಗರಲ್ಲಿ ಇಬ್ಬರು ಕಾಲೇಜು ಅಧ್ಯಾಪಕರು. ಇವರು ಯಾರಿಗೆ ಮತ ಹಾಕಬೇಕೆಂಬುದನ್ನು ತಾವೇ ನಿರ್ಧರಿಸಬಲ್ಲರು, ರಾಜ್ಯದ ಸರ್ಕಾರವನ್ನೇ ಬದಲಾಯಿಸಬಲ್ಲರು. ಆದರೆ ದೇವರ ವಿಷಯದಲ್ಲಿ ಮಾತ್ರ ಇವರು ಯಾರೋ ಪುಸಲಾಯಿಸಿದರೆ ಮೋಸಹೋಗುವ ಎಳೆಮಕ್ಕಳು. ಬಹಳ ನಯವಾದ ಭಾಷೆಯಲ್ಲಿ ಬರೆದ ಹಳೆಯ ಅವಮಾನವೇ ಇದು.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಡಾ. ಅಂಬೇಡ್ಕರರು ಲಕ್ಷಾಂತರ ಜನರೊಡನೆ ಬೌದ್ಧರಾದರು. ಔರಾದ, ಕಮಲನಗರ, ಭಾಲ್ಕಿಗಳಲ್ಲಿ ಅವರನ್ನು ಅನುಸರಿಸಿದ ಕುಟುಂಬಗಳು ಬೇಕಾದಷ್ಟಿವೆ. ನಿಮ್ಮಲ್ಲಿ ಕೆಲವರು ಆ ಮನೆಗಳವರೇ. ನಮ್ಮ ಈ ಕಾಯಿದೆ ಅಂದು ಅಲ್ಲಿ ಜಾರಿಯಲ್ಲಿದ್ದಿದ್ದರೆ ಏನಾಗುತ್ತಿತ್ತು? ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರು 30 ದಿನ ಮುಂಚೆ ಕಲೆಕ್ಟರ ಕಚೇರಿಯಲ್ಲಿ ನಮೂನೆ ಹಿಡಿದು ನಿಲ್ಲಬೇಕಾಗಿತ್ತು. ಅವರ ಹೆಸರನ್ನು ಫಲಕದಲ್ಲಿ ಅಂಟಿಸಿ ಆಕ್ಷೇಪಣೆಗಳನ್ನು ಕರೆಯಬೇಕಾಗಿತ್ತು. ಅಲ್ಲಿ ನೆರೆದವರಲ್ಲಿ ಹೆಚ್ಚಿನವರು ಪರಿಶಿಷ್ಟರು, ಹೆಂಗಸರೂ ಇದ್ದರು. ಇಬ್ಬರಿಗಿಂತ ಹೆಚ್ಚಾದ್ದರಿಂದ ಸಾಮೂಹಿಕ. ಒಂದು ಮತವನ್ನು ಇನ್ನೊಂದರ ಎದುರಿಗೆ ಹಿರಿದೆಂದು ಹೊಗಳುವುದು, ಇನ್ನೊಂದರ ಆಚರಣೆಯನ್ನು ತೆಗಳುವುದು ಸಹ ನಮ್ಮ ಶಾಸನದಲ್ಲಿ ಆಮಿಷದ ವ್ಯಾಖ್ಯೆಯೊಳಗೆ ಬರುತ್ತದೆ. ಅಂದು ಅಂಬೇಡ್ಕರರು ಬೋಧಿಸಿದ 22 ಪ್ರತಿಜ್ಞೆಗಳನ್ನು ಓದಿದವರಿಗೆ ಉಳಿದದ್ದನ್ನು ನಾನು ವಿವರಿಸಬೇಕಾಗಿಲ್ಲ.

ಆಮಿಷದ ವ್ಯಾಖ್ಯೆಯಲ್ಲಿ ಇನ್ನೊಂದು ಅಂಶವುಂಟು. ಧಾರ್ಮಿಕ ಸಂಸ್ಥೆ ನಡೆಸುವ ಶಾಲೆ ಕಾಲೇಜಿನಲ್ಲಿ ಉಚಿತ ಶಿಕ್ಷಣ! ಮಗುವಿಗೆ ಪಾಠ ಹೇಳುವುದನ್ನು ಲಂಚದ ಪಟ್ಟಿಯಲ್ಲಿ ಸೇರಿಸಿದ್ದನ್ನು ಓದಿದ ದಿನ, ಇಷ್ಟು ವರ್ಷ ಸೀಮೆಸುಣ್ಣ ಹಿಡಿದ ಕೈ ನನ್ನದೇ ಆಗಿದ್ದರಿಂದ, ಪುಸ್ತಕ ಮಡಚಿಟ್ಟು ಅಂಗಳದಲ್ಲಿ ಸುಮ್ಮನೆ ತಿರುಗಾಡಿದೆ. ತುಮಕೂರಿನ ಸಿದ್ಧಗಂಗೆಯಲ್ಲಿ ಜಾತಿ ಮತ ನೋಡದೆ ಸಾವಿರಾರು ಮಕ್ಕಳಿಗೆ ಅನ್ನ ಅಕ್ಷರ ಸಿಗುತ್ತದೆ. ಭಾಲ್ಕಿ ಹಿರೇಮಠದವರು ಹೆತ್ತವರು ಬಿಟ್ಟುಹೋದ ಕೂಸುಗಳನ್ನು ಎತ್ತಿಕೊಂಡು ಸಾಕಿದ್ದಾರೆ. ಇವರ ಮೇಲೆ ಯಾರಾದರೂ ಈ ಕಲಮನ್ನು ಪ್ರಯೋಗಿಸುತ್ತಾರೆಯೆ? ಪ್ರಯೋಗಿಸಬಾರದು, ಪ್ರಯೋಗಿಸುವುದೂ ಇಲ್ಲ. ಹಾಗಾದರೆ ಅದನ್ನು ಯಾರಿಗಾಗಿ ಬರೆದರೆಂಬುದು ಸ್ಪಷ್ಟವಾಯಿತು.

ಆಮಿಷದ ಮಾತು ಬಂದದ್ದರಿಂದ ಸರ್ಕಾರವೇ ಒಡ್ಡುವ ಒಂದು ಆಮಿಷದ ಬಗ್ಗೆಯೂ ಹೇಳಬೇಕು. 1950ರ ಪರಿಶಿಷ್ಟ ಜಾತಿಗಳ ಆದೇಶದ ಮೂರನೆಯ ಕಂಡಿಕೆಯ ಪ್ರಕಾರ ಪರಿಶಿಷ್ಟನೆನಿಸಿಕೊಳ್ಳಬೇಕಾದರೆ ಹಿಂದೂ ಆಗಿರಬೇಕು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರು. ಕ್ರೈಸ್ತರೂ ಮುಸಲ್ಮಾನರೂ ಹೊರಗೇ ಉಳಿದರು. ಮುಖ್ಯೋಪಾಧ್ಯಾಯನಾಗಿದ್ದ ವರ್ಷಗಳಲ್ಲಿ ಪ್ರತಿ ಜೂನಿನಲ್ಲಿ ದಾಖಲಾತಿ ಪುಸ್ತಕದ ಧರ್ಮದ ಅಂಕಣವನ್ನು ನಾನೇ ತುಂಬುತ್ತಿದ್ದೆ. ಭಾನುವಾರ ನನ್ನ ಪಕ್ಕದಲ್ಲಿ ತಾಳ ಹಿಡಿದು ಯೇಸುವಿನ ಭಜನೆ ಹಾಡುತ್ತಿದ್ದವನೇ ಸೋಮವಾರ ಮಗನ ಕೈ ಹಿಡಿದುಕೊಂಡು ಬಂದು ತಲೆ ತಗ್ಗಿಸಿ, "ಹಿಂದೂ ಅಂತ ಬರೀರಿ ಗುರೂಜಿ, ಹುಡುಗನ ಸ್ಕಾಲರ್‌ಶಿಪ್ ಅದ" ಎನ್ನುತ್ತಿದ್ದ. ಅವನನ್ನು ಸುಳ್ಳುಗಾರನೆನ್ನಲು ನನಗೆ ಬಾಯಿ ಬರುತ್ತಿರಲಿಲ್ಲ. ಊರಿನ ಹೋಟೆಲಿನಲ್ಲಿ ಅವನಿಗೆ ಬೇರೆ ಲೋಟ ಇಟ್ಟವರು ಅವನ ದೀಕ್ಷಾಸ್ನಾನದ ಪತ್ರವನ್ನು ನೋಡಿ ಲೋಟ ಬದಲಾಯಿಸಿರಲಿಲ್ಲ. ಅಸ್ಪೃಶ್ಯತೆ ಅವನ ಜೊತೆ ಚರ್ಚಿನೊಳಗೂ ಬಂದಿತ್ತು. ನಮ್ಮ ಚರ್ಚುಗಳು ಇದರಲ್ಲಿ ನಿರ್ದೋಷಿಗಳೆಂದು ನಾನು ಹೇಳಲಾರೆ. ಸವಲತ್ತು ಮಾತ್ರ ಬಾಗಿಲಲ್ಲಿಯೇ ನಿಂತಿತು. ಒಂದು ಮತದಲ್ಲಿಯೇ ಉಳಿದರೆ ವಿದ್ಯಾರ್ಥಿವೇತನ, ಇನ್ನೊಂದಕ್ಕೆ ಹೋದರೆ ಇಲ್ಲ ಎನ್ನುವುದು ಆಮಿಷವಲ್ಲವಾದರೆ ಆಮಿಷವೆಂಬ ಶಬ್ದಕ್ಕೆ ನಿಘಂಟಿನಲ್ಲಿ ಬೇರೆ ಅರ್ಥ ಹುಡುಕಬೇಕು. ಈ ಪ್ರಶ್ನೆಯನ್ನು ಪರಿಶೀಲಿಸಲು ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಆಯೋಗವನ್ನು ನೇಮಿಸಿತು. ಆದೇಶ ಬಂದು ಆಗಲೇ 72 ವರ್ಷಗಳಾಗಿದ್ದವು.

"ಹಾಗಾದರೆ ಮೋಸ ಮಾಡಿ ಮತಾಂತರಿಸುವವರನ್ನು ಸುಮ್ಮನೆ ಬಿಡಬೇಕೆ?" ಎನ್ನುವಿರಿ. ಬಿಡಬೇಡಿರಿ. ವಂಚನೆಗೆ, ಬೆದರಿಕೆಗೆ, ಬೇರೆಯವರ ಧರ್ಮವನ್ನು ಬೇಕೆಂದೇ ಅವಮಾನಿಸುವುದಕ್ಕೆ ದಂಡಸಂಹಿತೆಯಲ್ಲಿ ಕಲಮುಗಳು ಮೊದಲೇ ಇವೆ. ದೇವರ ಕೋಪಕ್ಕೆ ಗುರಿಯಾಗುವೆ ಎಂದು ಹೆದರಿಸಿ ಕೆಲಸ ಮಾಡಿಸಿಕೊಳ್ಳುವುದು ಕೂಡ 1860ರ ಸಂಹಿತೆಯ 508ನೆಯ ಕಲಮಿನ ಕಾಲದಿಂದಲೂ ಅಪರಾಧ. ಅವು ಎಲ್ಲ ಮತದವರಿಗೂ ಸಮಾನವಾಗಿ ಅನ್ವಯಿಸುತ್ತವೆ, ಅದೇ ಅವುಗಳ ಗುಣ. ನಮ್ಮವರಲ್ಲಿ ಕೆಲವರು ಧ್ವನಿವರ್ಧಕ ಹಿಡಿದು ಬೇರೆಯವರ ದೇವರುಗಳನ್ನು ಹೀಯಾಳಿಸುತ್ತಾರೆ, ಔಷಧ ಬಿಟ್ಟುಬಿಡಿ ಪ್ರಾರ್ಥನೆ ಸಾಕು ಎಂದು ರೋಗಿಗಳಿಗೆ ಹೇಳುತ್ತಾರೆ. ಅವರನ್ನು ಕಂಡರೆ ನನಗೆ ನಿಮಗಿಂತ ಹೆಚ್ಚು ಸಿಟ್ಟು ಬರುತ್ತದೆ, ಏಕೆಂದರೆ ಅವರು ನಾಚಿಕೆಗೇಡು ಮಾಡುವುದು ನನ್ನ ಪ್ರಭುವಿನ ಹೆಸರಿನಲ್ಲಿ. ಅಂಥವರ ಮೇಲೆ ದೂರು ಕೊಡಿರಿ.

ಇನ್ನು, ರಾಜ್ಯದ ತುಂಬ ಬಲವಂತದ ಮತಾಂತರ ನಡೆಯುತ್ತಿದೆಯೆಂಬ ಮಾತಿಗೆ ಆಧಾರವೇನು? 2001ರ ಜನಗಣತಿಯಲ್ಲಿ ಕರ್ನಾಟಕದ ಕ್ರೈಸ್ತರು ಶೇಕಡ 1.91, 2011ರಲ್ಲಿ ಶೇಕಡ 1.87. ನೂರಿಪ್ಪತ್ತು ವರ್ಷ ಶಾಲೆ ಆಸ್ಪತ್ರೆಗಳಿಂದ ಆಮಿಷ ಒಡ್ಡಿದ ಮೇಲೂ ಇಷ್ಟೇ ಆದರೆ ಆಮಿಷದ ವ್ಯಾಪಾರದಲ್ಲಿ ನಮ್ಮಷ್ಟು ದಡ್ಡರು ಯಾರೂ ಇಲ್ಲ. 2021ರಲ್ಲಿ ಹೊಸದುರ್ಗದ ಶಾಸಕರು ತಮ್ಮ ತಾಯಿಯೇ ಮತಾಂತರಕ್ಕೆ ಒಳಗಾದರೆಂದು ವಿಧಾನಸಭೆಯಲ್ಲಿ ಹೇಳಿದ ಮೇಲೆ ಈ ಕೂಗು ಜೋರಾಯಿತು. ಅದೇ ತಾಲ್ಲೂಕಿನ ತಹಶೀಲ್ದಾರರು ಹಳ್ಳಿಗಳಿಗೆ ಹೋಗಿ ವಿಚಾರಿಸಿ, ಜನ ಚರ್ಚಿಗೆ ಹೋಗುತ್ತಿರುವುದು ಸ್ವಇಚ್ಛೆಯಿಂದ, ಬಲವಂತವಿಲ್ಲ ಎಂದು ವರದಿ ಕೊಟ್ಟರು. ಆಮೇಲೆ ಅವರಿಗೆ ವರ್ಗವಾಯಿತು. ಮಸೂದೆ ವಿಧಾನಸಭೆಯಲ್ಲಿ ಅಂಗೀಕಾರವಾದ ದಿನವೇ ಚಿಕ್ಕಬಳ್ಳಾಪುರದ ಸೂಸೈಪಾಳ್ಯದ ಚರ್ಚಿನಲ್ಲಿ ಸಂತ ಅಂತೋಣಿಯವರ ಪ್ರತಿಮೆಯನ್ನು ಒಡೆದದ್ದು ಬೆಳಕಿಗೆ ಬಂದಿತು. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಸುತ್ತಮುತ್ತ ಚರ್ಚುಗಳ ಮೇಲೆ ದಾಳಿಯಾದಾಗ ಇಂಥ ಶಾಸನವಿರಲಿಲ್ಲ, ಮತಾಂತರದ ಆರೋಪವಿತ್ತು. ಕೋಲು ಹಿಡಿದವನ ಕೈಗೆ ಆ ಆರೋಪವನ್ನೇ ಕಾನೂನಿನ ಭಾಷೆಯಲ್ಲಿ ಬರೆದುಕೊಟ್ಟದ್ದು ಮಾತ್ರ ಹೊಸತು.

ಸಂವಿಧಾನದ 25ನೆಯ ಅನುಚ್ಛೇದ ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನೂ, ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಸಾರ ಮಾಡುವ ಹಕ್ಕನ್ನೂ ಕೊಡುತ್ತದೆ. ಪ್ರಸಾರ ಎಂಬ ಶಬ್ದ ಅಲ್ಲಿ ಕಣ್ತಪ್ಪಿ ಸೇರಿದ್ದಲ್ಲ. 1948ರ ಡಿಸೆಂಬರ್ 6ರಂದು ಸಂವಿಧಾನ ಸಭೆಯಲ್ಲಿ ಆ ಒಂದು ಶಬ್ದಕ್ಕಾಗಿ ವಾದ ನಡೆಯಿತು. ಲೋಕನಾಥ ಮಿಶ್ರರು ತೀವ್ರವಾಗಿ ವಿರೋಧಿಸಿದರು. ಕೆ.ಎಂ. ಮುನ್ಷಿಯವರು, ಎಂದರೆ ಆಮೇಲೆ ಸೋಮನಾಥ ದೇವಾಲಯವನ್ನು ಕಟ್ಟಿಸಲು ಮುಂದಾದವರು, ಅದನ್ನು ಉಳಿಸಬೇಕೆಂದರು. ಟಿ.ಟಿ. ಕೃಷ್ಣಮಾಚಾರಿಯವರು ತಾವು 14 ವರ್ಷ ಕ್ರೈಸ್ತ ಸಂಸ್ಥೆಗಳಲ್ಲಿ ಓದಿಯೂ ತಮ್ಮನ್ನು ಮತಾಂತರಿಸಲು ಯಾರೂ ಯತ್ನಿಸಲಿಲ್ಲವೆಂದು ಸಭೆಗೆ ತಿಳಿಸಿದರು. ಶಬ್ದ ಉಳಿಯಿತು. 1977ರಲ್ಲಿ ಸ್ಟಾನಿಸ್ಲಾಸ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ, ಪ್ರಸಾರದ ಹಕ್ಕಿನಲ್ಲಿ ಇನ್ನೊಬ್ಬನನ್ನು ಮತಾಂತರಿಸುವ ಹಕ್ಕು ಅಡಕವಾಗಿಲ್ಲವೆಂದು ಹೇಳಿತು. ಹಿರಿಯ ನ್ಯಾಯಶಾಸ್ತ್ರಜ್ಞ ಎಚ್.ಎಂ. ಸೀರವಾಯಿಯವರು ಆ ತೀರ್ಪನ್ನು ಕಟುವಾಗಿ ಖಂಡಿಸಿದರು. ನಾನು ಕಾನೂನು ಪಂಡಿತನಲ್ಲ. ಆದರೂ ವ್ಯಾಕರಣ ಕಲಿಸಿದವನು. ಮತಾಂತರವೆಂಬ ಕ್ರಿಯೆಯ ಕರ್ತೃ ಯಾರು? ಉಪದೇಶಿಯಲ್ಲ, ಕೇಳಿಸಿಕೊಂಡವನು. ನಾನು ಪಾಠ ಹೇಳಬಹುದು, ಕಲಿಯುವವನು ನೀನು. ಆ ಕಲಿತವನ ಹಕ್ಕು ಎಲ್ಲಿ ಹೋಯಿತೆಂದು ಕೇಳುವುದನ್ನೇ ನಾವು ಮರೆತೆವು. 2012ರಲ್ಲಿ ಹಿಮಾಚಲ ಪ್ರದೇಶದ ಉಚ್ಚ ನ್ಯಾಯಾಲಯ ಅದನ್ನು ನೆನೆಸಿಕೊಂಡು, 30 ದಿನ ಮುಂಚೆ ತಿಳಿಸಬೇಕೆಂಬ ಅಲ್ಲಿಯ ಕಲಮನ್ನು ರದ್ದುಮಾಡಿತು. ತನ್ನ ನಂಬಿಕೆಯನ್ನು ತನ್ನಲ್ಲಿಯೇ ಇಟ್ಟುಕೊಳ್ಳುವ ಹಕ್ಕು ಮನುಷ್ಯನಿಗೆ ಉಂಟೆಂದಿತು. ಹತ್ತು ವರ್ಷಗಳ ನಂತರ ನಮ್ಮ ರಾಜ್ಯ ಆ 30 ದಿನಗಳನ್ನೇ ಮತ್ತೆ ತಂದಿತು.

ಅದೇ ಹಕ್ಕಿನ ಇನ್ನೊಂದು ಮುಖವನ್ನು ಶಿಕ್ಷಕರಾಗಿರುವ ನನ್ನ ಶಿಷ್ಯರು ತಿಳಿದಿರಬೇಕು. 1985ರಲ್ಲಿ ಕೇರಳದ ಒಂದು ಶಾಲೆಯಿಂದ ಯೆಹೋವನ ಸಾಕ್ಷಿಗಳ ಪಂಗಡಕ್ಕೆ ಸೇರಿದ ಮೂರು ಮಕ್ಕಳನ್ನು ಹೊರಹಾಕಿದರು. ರಾಷ್ಟ್ರಗೀತೆಯ ವೇಳೆ ಅವರು ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. 1986ರ ಆಗಸ್ಟಿನಲ್ಲಿ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರ ಪೀಠ ಮಕ್ಕಳನ್ನು ಮರಳಿ ಶಾಲೆಗೆ ಸೇರಿಸಿಕೊಳ್ಳಬೇಕೆಂದು ತೀರ್ಪಿತ್ತಿತು. ಆ ಪಂಗಡದ ಬೋಧನೆಯನ್ನು ನಾನು ಒಪ್ಪುವುದಿಲ್ಲ. ಒಪ್ಪದವರ ಹಕ್ಕಿನಲ್ಲಿಯೇ ಒಪ್ಪುವವರ ಹಕ್ಕೂ ಉಳಿದುಕೊಳ್ಳುತ್ತದೆ.

ಕ್ರೈಸ್ತನಾಗಿ ನಾನು ಇದನ್ನು ಏಕೆ ಇಷ್ಟು ಹಚ್ಚಿಕೊಂಡಿದ್ದೇನೆ? ನಾನು ಓದಿದ ಸುವಾರ್ತೆಯಲ್ಲಿ ಯೇಸು ಯಾರನ್ನೂ ಕಟ್ಟಿಹಾಕಲಿಲ್ಲ. ಶ್ರೀಮಂತ ಯುವಕ ಮುಖ ಬಾಡಿಸಿಕೊಂಡು ಹೊರಟಾಗ ಬೆನ್ನಟ್ಟಲಿಲ್ಲ. ಬೋಧನೆ ಕಠಿಣವೆಂದು ಬಹು ಜನ ಶಿಷ್ಯರು ಬಿಟ್ಟುಹೋದಾಗ ಉಳಿದ ಹನ್ನೆರಡು ಜನರಿಗೂ ನೀವೂ ಹೋಗಬೇಕೆಂದಿರುವಿರಾ ಎಂದು ಕೇಳಿದರು. ಹೋಗುವ ಬಾಗಿಲು ತೆರೆದಿಲ್ಲದ ಮನೆಯಲ್ಲಿ ಉಳಿದುಕೊಂಡವನ ನಂಬಿಕೆಗೆ ಬೆಲೆಯಿಲ್ಲ. ಕ್ರಿ.ಶ. 200ರ ಆಸುಪಾಸಿನಲ್ಲಿ, ಕ್ರೈಸ್ತರನ್ನು ರೋಮಿನವರು ಹಿಂಸಿಸುತ್ತಿದ್ದ ಕಾಲದಲ್ಲಿ, ಕಾರ್ಥೇಜಿನ ತೆರ್ತುಲ್ಲಿಯನ್ ಧರ್ಮವನ್ನು ಬಲವಂತದಿಂದ ಹೇರುವುದು ಧರ್ಮವೇ ಅಲ್ಲವೆಂದು ವಾದಿಸಿದನು. ಅಧಿಕಾರ ಕೈಗೆ ಬಂದ ಮೇಲೆ ಕ್ರೈಸ್ತರೇ ಅದನ್ನು ಮರೆತರು. ಗೋವೆಯಲ್ಲಿ 1560ರಿಂದ ಪೋರ್ತುಗೀಜರು ನಡೆಸಿದ ಧರ್ಮವಿಚಾರಣೆ ನಮ್ಮ ಇತಿಹಾಸದ ಕಳಂಕ. ಅಲ್ಲಿಂದ ತಪ್ಪಿಸಿಕೊಂಡು ಕನ್ನಡ ಕರಾವಳಿಗೆ ಓಡಿಬಂದವರ ವಂಶಸ್ಥರು ಇಂದಿಗೂ ಇದ್ದಾರೆ. ಅದನ್ನು ಎತ್ತಿ ತೋರಿಸುವವರಿಗೆ ನನ್ನ ಉತ್ತರ: ಹೌದು, ಸರ್ಕಾರದ ಕೈಗೆ ಧರ್ಮವನ್ನು ಕೊಟ್ಟರೆ ಆಗುವುದು ಅದೇ. ಕ್ಯಾಥೊಲಿಕ್ ಸಭೆ 1965ರ ಡಿಸೆಂಬರಿನಲ್ಲಿ ತನ್ನ ಎರಡನೆಯ ವ್ಯಾಟಿಕನ್ ಪರಿಷತ್ತಿನಲ್ಲಿ, ಧರ್ಮಸ್ವಾತಂತ್ರ್ಯ ಪ್ರತಿಯೊಬ್ಬ ಮನುಷ್ಯನ ಹಕ್ಕೆಂದು ಘೋಷಿಸಿತು. ತಡವಾಗಿ, ಆದರೆ ಘೋಷಿಸಿತು.

ನಮ್ಮ ಪಕ್ಷದವರು ಪದೇ ಪದೇ ಮಂಡಿಸುವ ಒಂದು ವಾದ ನನಗೆ ಹಿಡಿಸುವುದಿಲ್ಲ. ಕಿಟೆಲ್ 1894ರಲ್ಲಿ ಕನ್ನಡಕ್ಕೆ ನಿಘಂಟು ಕೊಟ್ಟರು, ಮೋಗ್ಲಿಂಗ್ 1843ರಲ್ಲಿ ಮೊದಲ ಪತ್ರಿಕೆ ತಂದರು, ನಾವು ಆಸ್ಪತ್ರೆ ಕಟ್ಟಿಸಿದೆವು, ಆದ್ದರಿಂದ ನಮ್ಮನ್ನು ಇರಗೊಡಿ ಎನ್ನುವುದು. ಇದು ಬಾಡಿಗೆದಾರನ ಮಾತು. ಮನೆಯವನು ತಾನು ಮನೆಗೆ ಏನೇನು ಮಾಡಿದೆನೆಂದು ಲೆಕ್ಕ ಒಪ್ಪಿಸಿ ಒಳಗಿರಲು ಅಪ್ಪಣೆ ಬೇಡುವುದಿಲ್ಲ. ನಿಘಂಟು ಬರೆಯದ, ಆಸ್ಪತ್ರೆ ಕಟ್ಟದ, ಜೋಳದ ಹೊಲದಲ್ಲಿ ಕೂಲಿ ಮಾಡುವ ಕ್ರೈಸ್ತ ಹೆಂಗಸಿಗೂ ಅಷ್ಟೇ ಹಕ್ಕಿದೆ.

2023ರ ಚುನಾವಣೆಯ ನಂತರ ಹೊಸ ಸರ್ಕಾರದ ಸಂಪುಟ ಜೂನ್ 15ರಂದು ಈ ಶಾಸನವನ್ನು ರದ್ದುಪಡಿಸಲು ತೀರ್ಮಾನಿಸಿತು. ನಮ್ಮವರು ಸಿಹಿ ಹಂಚಿದರು. ಆದರೆ 2025ರ ಮೇ ತಿಂಗಳಲ್ಲಿ ಜಮಖಂಡಿಯ ರಾಮತೀರ್ಥ ದೇವಸ್ಥಾನದ ಬಳಿ ತಮ್ಮ ಮತದ ಕರಪತ್ರ ಹಂಚಿದರೆಂದು ಮುಸಲ್ಮಾನ ಯುವಕರ ಮೇಲೆ ಇದೇ ಶಾಸನದಡಿ ಮೊಕದ್ದಮೆ ದಾಖಲಾಯಿತು. ಯಾರೂ ಮತಾಂತರವಾಗಿರಲಿಲ್ಲ, ದೂರು ಕೊಟ್ಟವನು ಮತಾಂತರಗೊಂಡವನೂ ಅಲ್ಲ, ಅಂಥವನ ಬಂಧುವೂ ಅಲ್ಲ. ಉಚ್ಚ ನ್ಯಾಯಾಲಯ ಅದನ್ನು ವಜಾಮಾಡಿತು. ನ್ಯಾಯಾಲಯದವರೆಗೆ ಹೋಗಲು ವಕೀಲರ ಶುಲ್ಕವಿಲ್ಲದವರ ಗತಿಯೇನು?

ಬದುಕಿದ್ದಾಗಿನ ಮಾತು ಹಾಗಿರಲಿ. ಛತ್ತೀಸಗಡದ ಬಸ್ತರಿನ ಛಿಂದವಾಡ ಎಂಬ ಹಳ್ಳಿಯಲ್ಲಿ 2025ರ ಜನವರಿಯಲ್ಲಿ ಒಬ್ಬ ದಲಿತ ಕ್ರೈಸ್ತ ಪಾಸ್ಟರು ತೀರಿಕೊಂಡಾಗ, ಅವರ ಪೂರ್ವಿಕರು ಮಣ್ಣಾದ ಊರಿನಲ್ಲಿಯೇ ಹೂಳಲು ಹಳ್ಳಿಯವರು ಬಿಡಲಿಲ್ಲ. ಸ್ವಂತ ಹೊಲದಲ್ಲಿಯೂ ಬಿಡಲಿಲ್ಲ. ಶವ ಸುಮಾರು ಮೂರು ವಾರ ಶವಾಗಾರದಲ್ಲಿತ್ತು. ಮಗ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದ. ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು ಸ್ವಂತ ಹೊಲದಲ್ಲಿ ಹೂಳಲು ಬಿಡಬೇಕೆಂದರು; ಜೊತೆಯ ನ್ಯಾಯಮೂರ್ತಿಗಳು ಒಪ್ಪಲಿಲ್ಲ. ಕೊನೆಗೆ ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರು ದೂರದ ಬೇರೊಂದು ಸ್ಮಶಾನಕ್ಕೆ ಒಯ್ಯಬೇಕಾಯಿತು. "ನಿಮಗೇನು ನಷ್ಟ" ಎಂದು ಕೇಳಿದ ನನ್ನ ಶಿಷ್ಯನಿಗೆ ಫೋನಿನಲ್ಲಿ ನಾನು ಹೇಳಿದ ಎರಡು ಮಾತುಗಳಲ್ಲಿ ಒಂದು ಇದು.

ಇನ್ನೊಂದು ಮಾತು ಕೆಲಸದ್ದು. ಸಂಪುಟದ ತೀರ್ಮಾನ ಶಾಸನವನ್ನು ಅಳಿಸುವುದಿಲ್ಲ. ರದ್ದತಿಯ ಮಸೂದೆ ಎರಡೂ ಸದನಗಳಲ್ಲಿ ಅಂಗೀಕಾರವಾಗಬೇಕು. ತಮಿಳುನಾಡು 2002ರಲ್ಲಿ ಇಂಥದೇ ಶಾಸನ ತಂದು 2004ರಲ್ಲಿ ಕೈಬಿಟ್ಟಿತು, ಆದ್ದರಿಂದ ಇದು ಆಗದ ಮಾತೇನಲ್ಲ. ನಿಮ್ಮಲ್ಲಿ ಬೆಂಗಳೂರಿನಲ್ಲಿರುವವರು, ವಕೀಲರಾಗಿರುವವರು, ಪತ್ರಿಕೆಗಳಲ್ಲಿರುವವರು ಇದ್ದೀರಿ. ನಿಮ್ಮ ನಿಮ್ಮ ಶಾಸಕರನ್ನು, ಅವರು ಯಾವ ಪಕ್ಷದವರೇ ಆಗಿರಲಿ, ಕಂಡಾಗ ಆ ಮಸೂದೆಯನ್ನು ಯಾವ ಅಧಿವೇಶನದಲ್ಲಿ ಮಂಡಿಸುವಿರಿ, ನಿಮ್ಮ ಮತ ಯಾವ ಕಡೆಗೆ ಎಂದು ಕೇಳಿರಿ. ಉತ್ತರ ಸಿಕ್ಕಿದರೆ ನನಗೂ ತಿಳಿಸಿರಿ.